ಆಚೆ ದಡದ ಹೆಜ್ಜೆ

ಆಗಸ್ಟ್ 11

ಇವತ್ತು ಎಣಿಸಿದ್ದು ಸೊನ್ನೆ.

ನಾಳೆಯೂ ಸೊನ್ನೆಯೇ ಇರಬಹುದು ಎಂದು ಅಜ್ಜ ಹೇಳಿದ, ಒಳ್ಳೆಯ ಸುದ್ದಿ ತಂದವನ ಮುಖ ಮಾಡಿಕೊಂಡು. ಗುಡ್ಡದ ಮೇಲೆ ಕೂರುವುದು, ದುರ್ಬೀನಿನಲ್ಲಿ ನದಿಯ ಆಚೆ ದಡ ನೋಡುವುದು, ಹಿಮಸಾರಂಗಗಳು ಬಂದರೆ ಎಣಿಸಿ ಬರೆಯುವುದು. ಇಷ್ಟೇ ಕೆಲಸ. ಇದಕ್ಕೆಂದು ವನ್ಯಜೀವಿ ಕಚೇರಿಯವರು ಒಂದು ನೀಲಿ ಪುಸ್ತಕ ಕೊಟ್ಟಿದ್ದಾರೆ. ತಾರೀಖು, ಗಾಳಿ, ಕಂಡ ಪ್ರಾಣಿ, ಎಷ್ಟು, ಮನುಷ್ಯರ ಓಡಾಟ ಎಂದು ಐದು ಕಾಲಂ. ಇದು ಆ ಪುಸ್ತಕವಲ್ಲ. ಇದು ನನ್ನದು, ಇದರಲ್ಲಿ ಕಾಲಂ ಇಲ್ಲ.

ಬೆಳಿಗ್ಗೆಯಿಂದ ನಾಲ್ಕು ಸಲ ಎದ್ದು ಗುಡಾರದ ಸುತ್ತ ತಿರುಗಿದೆ. ಐದನೇ ಸಲ ಎದ್ದಾಗ ಅಜ್ಜ ಕೇಳಿದ.

“ಯಾಕವ್ವ, ಕಲ್ಲು ಸುಡ್ತಿದೆಯಾ?”

“ಬೇಜಾರು, ಮಗಾ.”

“ಹಾಗಾದ್ರೆ ಅದನ್ನೇ ಬರ್ಕೋ. ಒಂದು ಬೇಜಾರು, ಈಶಾನ್ಯದ ಕಡೆಯಿಂದ ಬಂತು, ನೀರು ಕುಡಿದು ಹೋಯ್ತು.”

ಅಜ್ಜನ ತಾಯಿ ತೀರಿಕೊಂಡ ವರ್ಷ ನಾನು ಹುಟ್ಟಿದೆ. ಆಕೆಯ ಹೆಸರೇ ನನಗೆ, ನಿವಿಯಾತ್ಸಿಯಾಕ್. ನಮ್ಮಲ್ಲಿ ಹೆಸರಿನ ಜೊತೆ ನಂಟೂ ಬರುತ್ತದೆ, ಹಾಗಾಗಿ ಎಪ್ಪತ್ತಾರರ ಅಜ್ಜ ತುನ್ನುಕ್ ನನ್ನ ಮಗ, ಹದಿನೆಂಟರ ನಾನು ಅವನ ಅವ್ವ. ಊರಿನ ಉಳಿದವರಿಗೆ ನಾನು ಬರೀ ನಿವಿ. ಇದರಿಂದ ನನಗಿರುವ ಒಂದೇ ಲಾಭವೆಂದರೆ, ಹೆತ್ತವಳನ್ನು ಬೈಯುವ ಹಾಗಿಲ್ಲ ಎಂದು ಅಜ್ಜ ಈವರೆಗೆ ನನ್ನನ್ನು ಬೈದಿಲ್ಲ. ಬೈಯಲು ಕಾರಣಗಳೇನೋ ಸಾಕಷ್ಟಿದ್ದವು.

ಶಾಲೆ ಬಿಟ್ಟದ್ದೂ ಅದರಲ್ಲೊಂದು. ನಾನು ಹೋಗದ ಹನ್ನೊಂದು ದಿನಗಳಿಗೆ ಯಾರೋ ಹಾಜರಿ ಹಾಕಿಬಿಟ್ಟಿದ್ದರು. ತಪ್ಪಾಗಿದೆ ಎಂದು ನಾನೇ ಹೋಗಿ ಹೇಳಿದೆ. “ನಿನಗೆ ಒಳ್ಳೇದೇ ಆಯ್ತಲ್ಲ, ಸುಮ್ನಿರು” ಎಂದರು. ಸುಳ್ಳು ಹಾಜರಿ ಹಾಕುವ ಶಾಲೆ ನನಗೆ ಬೇಡ ಎಂದು ಬಿಟ್ಟೆ. ಮನೆಯಲ್ಲಿ ಹಾಗೆಂದೇ ಹೇಳಿದ್ದೇನೆ. ಇದು ಪೂರ್ತಿ ನಿಜವಲ್ಲ. ಒಂದು ಕಡೆ ಕೂರಲಾಗದೆ ಬಿಟ್ಟೆ. ಹಾಜರಿಯ ವಿಷಯ ಒಳ್ಳೆಯ ಹೊತ್ತಿಗೆ ಸಿಕ್ಕಿತು.

ಆಗಸ್ಟ್ 14

ಎಣಿಸಿದ್ದು: ಸಾರಂಗ ಸೊನ್ನೆ. ಕೊಕ್ಕರೆ ಎರಡು. ನಮ್ಮ ರೊಟ್ಟಿ ಕದ್ದ ನೆಲದ ಅಳಿಲು ಒಂದು. ಆಚೆ ದಡದಲ್ಲಿ ತೋಳ ಐದು, ಅದರಲ್ಲಿ ಮೂರು ಮರಿ. ಒಂದು ಮರಿ ಹಿಂಗಾಲು ಎತ್ತಿಕೊಂಡು ಓಡುತ್ತದೆ. ಯಾಕೆಂದು ಇಲ್ಲಿಂದ ಕಾಣುವುದಿಲ್ಲ.

ಸಂಜೆ ರೇಡಿಯೋದಲ್ಲಿ ಆವಾಲನ ಸದ್ದು. ಊರಿನ ಬೇಟೆಗಾರರಲ್ಲೆಲ್ಲ ದೊಡ್ಡ ದೋಣಿ ಅವನದು, ಬಾಯಿಯೂ ದೊಡ್ಡದು. ಸಂಜೆ ಆರಕ್ಕೆ ಎಲ್ಲ ಮನೆಗಳಲ್ಲೂ ರೇಡಿಯೋ ಹಾಕಿರುತ್ತಾರೆ, ಹಾಗಾಗಿ ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಹೇಳಿದ ಹಾಗೆ.

“ತುನ್ನುಕಜ್ಜ, ನಿನ್ನ ನೆಂಟರು ಬಂದ್ರಾ?”

“ದಾರೀಲಿದ್ದಾರೆ.”

“ಹೋದ ವರ್ಷಾನೂ ದಾರೀಲಿದ್ರು. ಅದರ ಹಿಂದಿನ ವರ್ಷಾನೂ. ನಮ್ಮ ಮನೇಲಿ ಮಕ್ಕಳು ಡಬ್ಬಿ ಮಾಂಸ ತಿಂದು ತಿಂದು ಡಬ್ಬಿ ಥರಾನೇ ಆಗ್ತಿದ್ದಾರೆ.”

“ಸೆಪ್ಟೆಂಬರ್ ಮೂರರ ತನಕ ಮಾತು ಕೊಟ್ಟಿದ್ದೀಯ.”

“ಕೊಟ್ಟಿದ್ದೀನಿ. ನಾಲ್ಕನೇ ತಾರೀಖು ಬೆಳಿಗ್ಗೆ ನಮ್ಮ ದೋಣಿಗಳು ಮೇಲಕ್ಕೆ ಹೋಗ್ತವೆ, ಮೊದಲು ಕಂಡಿದ್ದನ್ನ ಹೊಡಿತೀವಿ. ಆಮೇಲೆ ನನ್ನನ್ನ ಕೇಳ್ಬಾರ್ದು.”

ವಸಂತದ ಸಭೆಯಲ್ಲಿ ಅಜ್ಜನೇ ಎದ್ದುನಿಂತು ಕೇಳಿದ್ದ. ಆಚೆ ದಡದಲ್ಲಿ ಯಾರೂ ಇಳಿಯಬಾರದು, ಬೆಂಕಿ ಹಾಕಬಾರದು, ಅಲ್ಲಿ ಒಂದು ಹನಿ ರಕ್ತವೂ ಬೀಳಬಾರದು. ಸಾರಂಗಗಳು ನೀರಿಗಿಳಿಯುವ ದಡ ಅದು. ಗುಂಪಿನ ಮುಂದೆ ಬರುವ ಹೆಣ್ಣು ಸಾರಂಗಗಳು ದಾಟಿ ಹೋಗುವ ತನಕ ಯಾರೂ ಗುಂಡು ಹಾರಿಸಬಾರದು. ಅವು ನಿಶ್ಚಿಂತೆಯಿಂದ ದಾಟಿದರೆ ಹಿಂದಿನವು ಅದೇ ದಾರಿ ಹಿಡಿಯುತ್ತವೆ. ಒಂದು ಶರತ್ಕಾಲ ಹೀಗೆ ಮಾಡಿ ನೋಡಿ, ಬರದಿದ್ದರೆ ಮತ್ತೆಂದೂ ನಾನು ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ ಎಂದ. ಊರು ಒಪ್ಪಿತು. ಅರ್ಧ ಜನ ನಂಬಿ ಒಪ್ಪಿದರು, ಇನ್ನರ್ಧ ಜನ ಅಜ್ಜನ ಬಾಯಿ ಮುಚ್ಚಲಿ ಎಂದು ಒಪ್ಪಿದರು.

ಆಗಸ್ಟ್ 19

ಮೂರು ದಿನದಿಂದ ಅಜ್ಜನ ದವಡೆ ಊದಿತ್ತು. ಬೆಳಿಗ್ಗೆ ಆವಾಲ ದೋಣಿ ತಂದು ಊರಿನ ದವಾಖಾನೆಗೆ ಕರೆದುಕೊಂಡು ಹೋದ. ಹಲ್ಲು ಕಿತ್ತು ನಾಳೆ ತಂದುಬಿಡುತ್ತಾನಂತೆ.

“ಎಲ್ಲೂ ಹೋಗ್ಬೇಡ ಅವ್ವ” ಎಂದ ಅಜ್ಜ, ಬಾಯಿ ಒಂದು ಕಡೆ ಮಾತ್ರ ತೆರೆದು.

ಮಧ್ಯಾಹ್ನದವರೆಗೆ ಹೋಗಲಿಲ್ಲ. ಆಮೇಲೆ ಹೋದೆ.

ತೋಳದ ಮರಿಯ ಕಾಲಿಗೆ ಏನಾಗಿದೆ ಎಂದು ಹತ್ತಿರದಿಂದ ನೋಡಬೇಕಿತ್ತು. ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋದೆ, ಇಂಜಿನ್ ಹಾಕಲಿಲ್ಲ. ಆಚೆ ದಡದ ಮೇಲೆ ನಡೆದೆ. ಸಾರಂಗಗಳ ಹಳೆಯ ಹಾದಿಗಳು ನೆಲದಲ್ಲಿ ಮೊಣಕಾಲುದ್ದ ಆಳವಾಗಿವೆ, ಒಂದರ ಪಕ್ಕ ಒಂದು. ಅದರೊಳಗೆ ನಡೆಯಲು ಚೆನ್ನಾಗಿತ್ತು. ತೋಳಗಳು ನನ್ನನ್ನು ದೂರದಿಂದಲೇ ಕಂಡು ಎದ್ದು ಹೋದವು. ಕುಂಟುವ ಮರಿ ನಾಲ್ಕೂ ಕಾಲೂರಿ ಓಡಿತು. ನೋವು ಹೋಗಿದೆಯೋ, ಮೊದಲೇ ಇರಲಿಲ್ಲವೋ.

ಹಸಿವಾಯಿತು. ದಡದಲ್ಲೇ ಗಾಳ ಹಾಕಿದೆ, ಒಂದು ಮೀನು ಸಿಕ್ಕಿತು. ಅಲ್ಲೇ ಸೀಳಿದೆ, ಅಲ್ಲೇ ಕಡ್ಡಿ ಕೂಡಿಸಿ ಸುಟ್ಟು ತಿಂದೆ. ಕರುಳನ್ನು ಹಕ್ಕಿಗಳಿಗೆ ಬಿಟ್ಟೆ. ಎರಡು ತಾಸು ಬಿಸಿಲು, ಸೊಳ್ಳೆ ಇಲ್ಲ. ಇಲ್ಲಿಗೆ ಬಂದ ಮೇಲೆ ಇಷ್ಟು ಖುಷಿಯಾಗಿದ್ದು ಇವತ್ತೇ.

ನಿಯಮ ಗೊತ್ತಿರಲಿಲ್ಲವೆಂದು ಬರೆಯಲಾರೆ. ಗೊತ್ತಿತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ.

ಆಗಸ್ಟ್ 20

ಅಜ್ಜ ಬಂದ, ಕಿತ್ತ ಹಲ್ಲನ್ನು ಜೇಬಿನಲ್ಲಿಟ್ಟುಕೊಂಡು.

ನೀಲಿ ಪುಸ್ತಕದಲ್ಲಿ ನಿನ್ನೆಯ ಸಾಲಿನಲ್ಲಿ ‘ಮನುಷ್ಯರ ಓಡಾಟ’ ಎಂಬ ಕಡೆ ಖಾಲಿ ಬಿಟ್ಟಿದ್ದೇನೆ. ‘ಇಲ್ಲ’ ಎಂದು ಬರೆದಿಲ್ಲ. ಖಾಲಿ ಬಿಟ್ಟರೆ ಸುಳ್ಳಲ್ಲ.

ಆಗಸ್ಟ್ 23

ಬಂದವು.

ಬೆಳಿಗ್ಗೆ ಒಂಬತ್ತೂಕಾಲಿಗೆ ಆಚೆ ಗುಡ್ಡದ ಅಂಚಿನಲ್ಲಿ ಮೊದಲು ಕೊಂಬುಗಳು ಕಂಡವು, ಆಮೇಲೆ ಕಿವಿಗಳು. ಅಜ್ಜ ನನ್ನ ತೋಳು ಹಿಡಿದ. ಹನ್ನೊಂದು ಹೆಣ್ಣುಗಳು, ನಾಲ್ಕು ಕರುಗಳು. ಮುಂದಿನದು ಬಿಳಿಚಿಕೊಂಡ ಮುದಿ ಹೆಣ್ಣು, ಪ್ರತಿ ಹೆಜ್ಜೆಗೂ ನಿಂತು ಗಾಳಿ ನೋಡುತ್ತಿತ್ತು. ಹಾದಿ ಹಿಡಿದು ಇಳಿಯಿತು. ನೀರಿಗೆ ಇಪ್ಪತ್ತು ಹೆಜ್ಜೆ ಇರುವಾಗ ನಿಂತಿತು. ಮೂಗು ನೆಲಕ್ಕೆ ಹಾಕಿತು. ತಲೆ ಎತ್ತಿ, ಬೆದರಿದಾಗ ಅವು ಮಾಡುವಂತೆ ಹಿಂಗಾಲು ಒಂದನ್ನು ಪಕ್ಕಕ್ಕೆ ಚಾಚಿ ಹಾಗೇ ನಿಂತಿತು. ಆಮೇಲೆ ತಿರುಗಿತು. ಎಲ್ಲವೂ ತಿರುಗಿದವು, ಓಡುತ್ತ ಪಶ್ಚಿಮಕ್ಕೆ ಹೋದವು.

ಅದು ಮೂಸಿದ್ದು ನಾನು ಮೀನು ಸೀಳಿದ ಜಾಗ.

ಅಜ್ಜ ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ. ಆಮೇಲೆ ಹೇಳಿದ. “ಯಾರೋ ಇಳಿದಿದ್ದಾರೆ. ಬೂದಿ ಇದೆ.”

ನಾನು ನೀಲಿ ಪುಸ್ತಕ ತೆಗೆದೆ. ಸೊನ್ನೆ ಅಲ್ಲ, ಹದಿನೈದು ಎಂದು ಬರೆದೆ. ಪಕ್ಕದಲ್ಲಿ, ತಿರುಗಿ ಹೋದವು ಎಂದು ಬರೆದೆ.

ಆಗಸ್ಟ್ 24

ನಿನ್ನೆಯ ರೇಡಿಯೋ ಮಾತನ್ನು ಬರೆಯಬೇಕೆಂದಿರಲಿಲ್ಲ. ಬರೆಯುತ್ತೇನೆ.

ಬೂದಿಯ ವಿಷಯ ಅಜ್ಜ ಹೇಳಿದ. ಯಾರೆಂದು ಹೇಳಲಿಲ್ಲ, ಅವನಿಗೆ ಗೊತ್ತಿಲ್ಲ. ಊರೇ ಲೆಕ್ಕ ಹಾಕಿತು. ಈ ತಿಂಗಳು ಈ ಕಡೆ ಬಂದ ದೋಣಿ ಒಂದೇ, ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ.

“ಆವಾಲಾ, ಉಚ್ಚೆ ತಡ್ಕೊಳ್ಳೋಕಾಗ್ಲಿಲ್ವಾ?” ಎಂದು ಯಾವುದೋ ಹೆಂಗಸಿನ ದನಿ.

“ನಾನು ಆಚೆ ಇಳೀಲೇ ಇಲ್ಲ. ತುನ್ನುಕಜ್ಜನ್ನ ಕೇಳಿ.”

“ಅಜ್ಜನ್ನ ಹತ್ತಿಸ್ಕೊಳ್ಳೋ ಮುಂಚೆ ಇಳಿದಿರ್ತೀಯ. ಚಾ ಕಾಯಿಸ್ದೇ ನೀನು ಎಲ್ಲಿಗಾದ್ರೂ ಹೋದವನಾ?”

“ನನ್ನ ಹೆಂಡತಿ ಆಣೆ, ಇಳೀಲಿಲ್ಲ.”

“ಹೆಂಡತಿ ಆಣೆ ಬಿಡು, ದೋಣಿ ಆಣೆ ಹಾಕು.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಬೇರೊಬ್ಬ ಗಂಡಸು ನಗದೆ ಹೇಳಿದ, “ಎರಡು ವರ್ಷ ಕಾದಿದ್ವಿ, ಆವಾಲಾ.” ಆವಾಲ ಸುಮ್ಮನಾದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಇವತ್ತು ಇಡೀ ದಿನ ಏನೂ ಬರಲಿಲ್ಲ. ಮಧ್ಯಾಹ್ನದ ರೊಟ್ಟಿ ಸೇರಲಿಲ್ಲ. ಸಂಜೆ ಐದೂವರೆಗೆ ನೀಲಿ ಪುಸ್ತಕ ತೆಗೆದು ಹತ್ತೊಂಬತ್ತನೇ ತಾರೀಖಿನ ಖಾಲಿ ಜಾಗದಲ್ಲಿ ಬರೆದೆ: ‘ನಾನು. ಎರಡು ತಾಸು. ಬೆಂಕಿ, ಮೀನಿನ ಕರುಳು.’ ಜಾಗ ಸಾಲದೆ ಅಂಚಿನವರೆಗೂ ಹೋಯಿತು. ಅಜ್ಜನಿಗೆ ಕೊಟ್ಟೆ. ಅವನಿಗೆ ಕಚೇರಿಯವರ ಈ ಲಿಪಿ ಓದಲು ಬರುವುದಿಲ್ಲ ಎನ್ನುವುದೇ ನೆನಪಿರಲಿಲ್ಲ.

“ಏನಿದೆ ಇದ್ರಲ್ಲಿ, ಅವ್ವ?”

“ಆರು ಗಂಟೆಗೆ ಹೇಳ್ತೀನಿ, ಮಗಾ.”

ಆರಕ್ಕೆ ಗುಂಡಿ ಒತ್ತಿ ಹೇಳಿದೆ. “ನಾನು ನಿವಿ. ಆವಾಲ ಇಳಿದಿಲ್ಲ. ಇಳಿದಿದ್ದು ನಾನು. ಅಲ್ಲೇ ಮೀನು ಹಿಡಿದು ಸೀಳಿ ಸುಟ್ಟು ತಿಂದೆ. ಮಾಡ್ಬಾರ್ದು ಅಂತ ಗೊತ್ತಿತ್ತು. ನಿನ್ನೇನೇ ಹೇಳ್ಬೇಕಿತ್ತು.”

ಗುಂಡಿ ಬಿಟ್ಟೆ. ಬರೀ ಸುರ್ರೆನ್ನುವ ಸದ್ದು.

ಕೊನೆಗೆ ಆವಾಲ. “ಒಂದು ದಿನ ನನ್ನನ್ನ ಬೇಯಿಸಿದ್ರಲ್ಲ, ನೀವೆಲ್ಲ. ಈಗ ಏನಂತೀರಿ?” ಆಮೇಲೆ ನನಗೆ, “ನಿವಿ, ನನಗೆ ಬಂದಿರೋ ಸಿಟ್ಟು ಇಷ್ಟಿಷ್ಟಲ್ಲ. ನಮ್ಮ ಚಳಿಗಾಲಾನ ತಿಂದ್ಬಿಟ್ಟೆ ನೀನು.” ಅದಾದ ಮೇಲೆ, “ಎಷ್ಟು ದೊಡ್ಡದಿತ್ತು ಮೀನು?”

“ಮೊಣಕೈಯಷ್ಟು.”

“ಅಷ್ಟೇನಾ?”

ಮತ್ತೆ ಯಾರೋ ಮುದುಕಿ ನಕ್ಕಳು, ಒಬ್ಬಳೇ. ಆಮೇಲೆ ಅಮ್ಮನ ದನಿ. ಅವಳು ರೇಡಿಯೋದಲ್ಲಿ ಮಾತಾಡುವವಳಲ್ಲ. “ನಿವಿ, ಕಾಲುಚೀಲ ಒಣಗಿದ್ದು ಹಾಕ್ಕೊಂಡಿದ್ದೀಯಾ?” ಹಾಕಿಕೊಂಡಿದ್ದೇನೆ ಎಂದೆ. ಅಷ್ಟೇ ಕೇಳಿದಳು.

ಅಜ್ಜ ಚಾ ಲೋಟ ಕೆಳಗಿಟ್ಟ. ಗುಡ್ಡದಿಂದ ಕಳಚಿ ಬಿದ್ದ ಬಂಡೆಯಂತೆ ಕೂತಿದ್ದ.

“ಹೆತ್ತವಳನ್ನ ಬೈಯೋ ಹಾಗಿಲ್ಲ” ಎಂದ.

“ಬೈಯಿ, ಮಗಾ.”

“ಆಗಲ್ಲ. ಬೇರೆ ಹುಡುಗಿ ಆಗಿದ್ರೆ ಏನು ಹೇಳ್ತಿದ್ದೆ ಅಂತ ಬೇಕಾದ್ರೆ ಹೇಳ್ತೀನಿ.”

ಹೇಳಿದ. ಗುಡಾರದ ಮೂಲೆಯಲ್ಲಿದ್ದ ಹಿಟ್ಟಿನ ಚೀಲವನ್ನು ಆ ಬೇರೆ ಹುಡುಗಿಯೆಂದು ಮಾಡಿಕೊಂಡು, ಅದರ ಕಡೆ ಬೆರಳು ತೋರಿಸುತ್ತ, ಕಾಲು ಗಂಟೆ ಬೈದ. ಇಷ್ಟೊಂದು ಬೈಗುಳ ಅವನಿಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ. “ನಿನಗೆ ಕಣ್ಣು ಕೊಟ್ಟು ಇಲ್ಲಿ ಕೂರಿಸಿದ್ರೆ ಕಾಲು ತಗೊಂಡು ಅಲ್ಲಿಗೆ ಹೋದ್ಯಲ್ಲೇ, ಗೂಬೆ. ಸಾರಂಗಕ್ಕೆ ಮೂಗಿಲ್ಲ ಅಂದ್ಕೊಂಡ್ಯಾ? ನಿನ್ನ ಮೀನಿನ ವಾಸನೆ ಸಮುದ್ರಕ್ಕೇ ಹೋಗಿದೆ.” ಮುಗಿದ ಮೇಲೆ ಅವನು ಉಸಿರು ಬಿಟ್ಟು, ಆ ಚೀಲದಿಂದಲೇ ಹಿಟ್ಟು ತೆಗೆದು ರೊಟ್ಟಿಗೆ ಕಲಸಿದ. ನಾನು ನಾಲ್ಕು ರೊಟ್ಟಿ ತಿಂದೆ.

ಆಗಸ್ಟ್ 25

ಆಚೆ ಹೋಗಿ ಎಲ್ಲ ಬಳಿದು ತೊಳೆದು ಬರುತ್ತೇನೆ ಎಂದೆ. ಬೇಡ ಎಂದ ಅಜ್ಜ.

“ಇನ್ನೊಂದ್ಸಲ ಕಾಲಿಟ್ಟರೆ ಇನ್ನೊಂದ್ಸಲದ ವಾಸನೆ. ನೀನು ಮಾಡೋದು ಏನೂ ಇಲ್ಲ.”

“ಏನಾದ್ರೂ ಇರ್ಬೇಕಲ್ಲ.”

“ಮಳೆ ಬರ್ಬೇಕು. ಅದನ್ನ ನೀನು ಮಾಡ್ತೀಯಾ?”

ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ.

ಆಗಸ್ಟ್ 26

ಮೋಡ ಇಲ್ಲ.

ಆಗಸ್ಟ್ 28

ನಿನ್ನೆ ಬೆಳಿಗ್ಗೆ ಶುರುವಾಯಿತು. ಮೊದಲು ಹನಿ, ಆಮೇಲೆ ಅಡ್ಡ ಮಳೆ, ಆಮೇಲೆ ಹಿಮ ಬೆರೆತ ಮಳೆ. ಗುಡಾರದ ಹಗ್ಗ ಎರಡು ಸಲ ಕಿತ್ತುಬಂತು, ಎರಡು ಸಲವೂ ಹೊರಗೆ ಹೋಗಿ ಕಟ್ಟಿದೆ. ಮೈಯೆಲ್ಲ ನೆಂದು ನಡುಗುತ್ತ ಒಳಗೆ ಬಂದಾಗ ಅಜ್ಜ ಕೇಳಿದ, “ಯಾಕವ್ವ ನಗ್ತಿದ್ದೀಯ?” ನಗುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ.

ಮಳೆ ನಿಂತಾಗ ದುರ್ಬೀನಿನಲ್ಲಿ ನೋಡಿದೆ. ಬೂದಿಯ ಕಪ್ಪು ಕಾಣಲಿಲ್ಲ. ನನ್ನ ಹೆಜ್ಜೆ ಇದ್ದ ಹಾದಿಗಳಲ್ಲೆಲ್ಲ ನೀರು ಹರಿಯುತ್ತಿತ್ತು.

ಸಂಜೆ ಆವಾಲ ಒಂದೇ ಮಾತು ಕೇಳಿದ. “ಬಂದ್ವಾ?” ಇಲ್ಲ ಎಂದೆ. “ಇನ್ನು ಆರು ದಿನ” ಎಂದ.

ಆಗಸ್ಟ್ 30

ಬಯಲು ಕೆಂಪಾಗಿದೆ. ಬೆಳಿಗ್ಗೆ ನೀರಿನ ಅಂಚಿನಲ್ಲಿ ಮಂಜುಗಡ್ಡೆಯ ತೆಳು ಪದರ.

ಆಚೆ ದಡದಲ್ಲಿ ದೊಡ್ಡ ತೋಳ ಒಂದು ನಾನು ಕೂತಿದ್ದ ಜಾಗಕ್ಕೇ ಬಂತು. ಮೂಸಿತು, ಅಲ್ಲೇ ಸುತ್ತಿಕೊಂಡು ಮಲಗಿತು. ಅದಕ್ಕೆ ಅಲ್ಲಿ ನನ್ನ ವಾಸನೆ ಏನೂ ಸಿಗಲಿಲ್ಲ ಎಂದು ತಿಳಿದುಕೊಂಡಿದ್ದೇನೆ. ಮರಿಗಳು ಬಂದು ಅದರ ಬಾಲ ಎಳೆದವು. ಅವುಗಳಲ್ಲಿ ಕುಂಟುವುದು ಈಗ ಯಾವುದೆಂದು ಗೊತ್ತಾಗುವುದಿಲ್ಲ. ದೊಡ್ಡದು ನಿದ್ದೆಯಲ್ಲೇ ಒಂದು ಕಿವಿಯನ್ನು ಮಾತ್ರ ಉತ್ತರಕ್ಕೆ ತಿರುಗಿಸಿಟ್ಟಿತ್ತು. ನಾನೂ ಉತ್ತರಕ್ಕೆ ನೋಡಿದೆ. ಏನೂ ಇರಲಿಲ್ಲ. ಆದರೂ ಕಿವಿ ಅಲ್ಲೇ ಇತ್ತು. ಬಹಳ ಹೊತ್ತಿನ ಮೇಲೆ ಅದು ಎದ್ದು, ಮರಿಗಳನ್ನು ಕರೆದುಕೊಂಡು ಗುಡ್ಡದ ಹಿಂದೆ ಸರಿಯಿತು. ತಾನಾಗಿ ಹಾದಿ ಬಿಟ್ಟುಕೊಟ್ಟಂತೆ. ಹಾಗೆಂದು ನೀಲಿ ಪುಸ್ತಕದಲ್ಲಿ ಬರೆಯಲಿಲ್ಲ, ಅದು ನನ್ನ ಆಸೆ ಇರಬಹುದು.

ಅಜ್ಜ ನನ್ನ ಪಕ್ಕ ಚಾ ಇಟ್ಟು ಹೋಗಿದ್ದನಂತೆ. ನೋಡಿದಾಗ ಅದರ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಬೆಳಿಗ್ಗೆ ಇಟ್ಟದ್ದು ಎಂದ.

ಸೆಪ್ಟೆಂಬರ್ 1

ಅವಸರದಲ್ಲಿ ಬರೆದದ್ದು, ಅಕ್ಷರ ಸರಿ ಬಂದಿಲ್ಲ.

ಏಳೂ ನಲವತ್ತಕ್ಕೆ ಉತ್ತರದ ಗುಡ್ಡದ ಮೇಲೆ. ಒಂಬತ್ತು ಹೆಣ್ಣುಗಳು. ಮುಂದಿನದು ಬಿಳಿಚಿದ ಮುದಿಯದು. ಹೋದ ಸಲ ಬಂದದ್ದೇ ಎಂದು ಬರೆಯಲು ಬಹಳ ಆಸೆ, ಗೊತ್ತಿಲ್ಲ. ಹಾದಿ ಹಿಡಿದು ಇಳಿಯಿತು. ಅದೇ ಜಾಗದಲ್ಲಿ ನಿಂತು ಮೂಗು ನೆಲಕ್ಕೆ ಹಾಕಿತು.

ನೆಲದಿಂದ ಒಂದು ಬಾಯಿ ಎಲೆ ಕಿತ್ತು ತಿಂದಿತು. ಅಗಿಯುತ್ತಲೇ ನೀರಿಗಿಳಿಯಿತು.

ಒಂದರ ಹಿಂದೆ ಒಂದು. ಹೊಳೆಯ ಮಧ್ಯೆ ಅವುಗಳ ತಲೆ ಮತ್ತು ಬಾಲ ಮಾತ್ರ. ಈ ದಡ ಹತ್ತಿ ಮೈ ಕೊಡವಿದವು, ನಮ್ಮ ಗುಡ್ಡದ ಕೆಳಗೇ ಹಾದು ದಕ್ಷಿಣಕ್ಕೆ ನಡೆದವು. ನಡೆಯುವಾಗ ಕಾಲಿನೊಳಗಿಂದ ಬರುವ ಟಿಕ್ ಟಿಕ್ ಸದ್ದು ನಮಗೆ ಕೇಳಿತು.

ಅಜ್ಜ ರೇಡಿಯೋ ತೆಗೆದು ಪಿಸುಗುಟ್ಟಿದ. ಆವಾಲ ಮತ್ತು ಆರು ಜನ ಮಧ್ಯಾಹ್ನಕ್ಕೆ ಬಂದರು, ಇಂಜಿನ್ ದೂರದಲ್ಲೇ ನಿಲ್ಲಿಸಿ ಹುಟ್ಟು ಹಾಕುತ್ತ. ನಮ್ಮ ಕಡೆಯ ತಗ್ಗಿನಲ್ಲಿ ಬಂದೂಕು ಇಟ್ಟುಕೊಂಡು ಮಲಗಿದರು. ಅಜ್ಜ ರೇಡಿಯೋವನ್ನು ನನ್ನ ತೊಡೆಯ ಮೇಲಿಟ್ಟ.

“ನೀನು ಹೇಳು ಅವ್ವ, ಯಾವಾಗ ಅಂತ. ನನ್ನ ಕಣ್ಣು ಅಷ್ಟು ದೂರ ಹೋಗಲ್ಲ.”

ಎರಡು ಗಂಟೆಗೆ ಮುನ್ನೂರ ಹನ್ನೆರಡು ದಾಟಿದ್ದವು. ಕರುಗಳಿರುವ ಹೆಣ್ಣುಗಳೇ ಹೆಚ್ಚು. ಉತ್ತರದ ಗುಡ್ಡದ ಮೇಲೆ ಇನ್ನೊಂದು ಗುಂಪು ನಿಂತು ನೋಡುತ್ತಿತ್ತು, ಇಳಿದಿರಲಿಲ್ಲ.

“ನಿವಿ, ಆಯ್ತಾ?” ರೇಡಿಯೋದಲ್ಲಿ ಆವಾಲನ ಪಿಸುದನಿ.

“ಇಲ್ಲ.”

ಅರ್ಧ ತಾಸು. “ಈಗ?”

“ಇಲ್ಲ. ಮೇಲಿರೋವು ಇನ್ನೂ ನೋಡ್ತಿವೆ.”

ಅವನ ಹಿಂದಿನಿಂದ ಯಾರೋ ಗೊಣಗಿದ, “ಕೈಗೆ ಬಂದಿದ್ದು ಹೋಗುತ್ತೆ. ಶಾಲೇಲೇ ಕೂರದ ಹುಡುಗಿ ಮಾತು ಕೇಳ್ಕೊಂಡು...”

“ಸುಮ್ನೆ ಮಲ್ಕೋ” ಎಂದ ಆವಾಲ. “ತನ್ನ ಮೇಲೆ ತಾನೇ ಹೇಳ್ಕೊಂಡವಳು. ಅವಳು ಇಲ್ಲ ಅಂದ್ರೆ ಇಲ್ಲ.”

ಮೇಲಿನವು ಇಳಿದವು. ಅವುಗಳ ಹಿಂದೆ ಮತ್ತೆ, ಅವುಗಳ ಹಿಂದೆ ಮತ್ತೆ. ನಾಲ್ಕೂ ಹತ್ತಕ್ಕೆ ಉತ್ತರದ ಗುಡ್ಡದ ಅಂಚಿನಿಂದ ನಮ್ಮ ಬೆನ್ನ ಹಿಂದಿನ ದಿಬ್ಬದವರೆಗೆ ಸಾಲು ಕಡಿದಿರಲಿಲ್ಲ. ಯಾವುದೂ ನಿಂತು ಮೂಸುತ್ತಿರಲಿಲ್ಲ, ಮುಂದಿನದರ ಬೆನ್ನು ನೋಡಿಕೊಂಡು ಬರುತ್ತಿದ್ದವು. ದೊಡ್ಡ ಕೊಂಬಿನ ಗಂಡುಗಳು ಬರತೊಡಗಿದ್ದವು.

ಗುಂಡಿ ಒತ್ತಿದೆ. “ಈಗ. ಹಿಂದಿನ ಗಂಡುಗಳು ಮಾತ್ರ. ಈ ದಡ ಹತ್ತಿದ ಮೇಲೆ.”

ಮೊದಲ ಗಂಡು ಈ ದಡ ಹತ್ತಿದ ಮೇಲೆ ತಗ್ಗಿನಿಂದ ಗುಂಡು ಹಾರಿತು.

ಸೆಪ್ಟೆಂಬರ್ 3

ನಿನ್ನೆ ಬರೆಯಲು ಪುರಸೊತ್ತಿರಲಿಲ್ಲ. ಊರಿನ ಅರ್ಧ ಇಲ್ಲಿಗೇ ಬಂದಿದೆ. ಅಮ್ಮ ಮಾಂಸ ಸೀಳಿ ಒಣಹಾಕುತ್ತಿದ್ದಾಳೆ, ಮಕ್ಕಳು ಮೂಳೆ ಒಡೆದು ಮಜ್ಜೆ ತಿನ್ನುತ್ತಿದ್ದಾರೆ. ಹನ್ನೆರಡು ಮನೆಗಳ ಚಳಿಗಾಲ ಬಂಡೆಗಳ ಮೇಲೆ ಹರಡಿಕೊಂಡಿದೆ, ಉಳಿದ ಮನೆಗಳದ್ದೂ ನಾಳೆಗೆ ಆಗುತ್ತದೆ. ಅವು ಇನ್ನೂ ದಾಟುತ್ತಲೇ ಇವೆ. ಆಚೆ ದಡಕ್ಕೆ ಯಾರೂ ಹೋಗಿಲ್ಲ, ಹೋಗಬೇಡಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ.

ಆವಾಲ ನನಗೆ ಸಾರಂಗದ ಒಂದು ಬೇಯಿಸಿದ ನಾಲಿಗೆ ತಂದುಕೊಟ್ಟ. “ಇದು ತಿನ್ನು, ಮೀನು ಸಾಕು” ಎಂದ. ಅಜ್ಜ ಬಾಯಿಯ ಸರಿಯಿರುವ ಪಕ್ಕದಲ್ಲಿ ಕೊಬ್ಬು ಅಗಿಯುತ್ತ, ಬರುವ ವಸಂತದ ಸಭೆಯಲ್ಲಿ ಏನೇನು ಮಾತಾಡುತ್ತೇನೆ ಎಂದು ಎಲ್ಲರಿಗೂ ಈಗಲೇ ಹೇಳುತ್ತಿದ್ದಾನೆ. ಯಾರೂ ತಡೆಯುತ್ತಿಲ್ಲ.

ನೀಲಿ ಪುಸ್ತಕಕ್ಕೆ ಒಂದನೇ ತಾರೀಖಿನ ಒಟ್ಟು ಬರೆದೆ. ಎರಡು ಸಾವಿರದ ನಾಲ್ಕುನೂರ ಅರವತ್ತೊಂದು. ಕೆಳಗೆ ಒಂದು ಸಾಲು ಸೇರಿಸಿದೆ: ಮೊದಲನೆಯದು ನೀರಿಗಿಳಿದ ಮೇಲೆ ಸ್ವಲ್ಪ ಹೊತ್ತು ಕಣ್ಣಲ್ಲಿ ನೀರು ತುಂಬಿ ನನಗೆ ಏನೂ ಕಾಣಲಿಲ್ಲ, ಆಗ ದಾಟಿದವು ಈ ಎಣಿಕೆಯಲ್ಲಿಲ್ಲ.

ಗಾಳಿಯ ಕಾರಣದಿಂದ ಎಂದು ಬರೆಯಬಹುದಿತ್ತು. ಅವತ್ತು ಗಾಳಿ ಇರಲಿಲ್ಲ.